ಡ್ರೈವರ್ ಇಲ್ಲದ ಕಾರು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲು ತಿಳಿದಿರಬೇಕಾದ್ದು

ನನ್ನ ಸ್ನೇಹಿತನ ಕಾರು ಹೆದ್ದಾರಿಯಲ್ಲಿ ತಾನೇ ಸ್ಟಿಯರಿಂಗ್ ತಿರುಗಿಸುತ್ತೆ. ಸೆಲ್ಫ್ ಡ್ರೈವಿಂಗ್ ಅಂದ್ರೆ ಅದೇನಾ?

ಅಲ್ಲ. ಅದು ಡ್ರೈವರ್‌ಗೆ ನೆರವಾಗುವ ವ್ಯವಸ್ಥೆ ಅಷ್ಟೇ. ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ 2014ರಲ್ಲಿ ಸೊನ್ನೆಯಿಂದ 5ರವರೆಗೆ ಹಂತಗಳನ್ನು ಗುರುತಿಸಿತು. ಹಂತ 2ರಲ್ಲಿ ಸ್ಟಿಯರಿಂಗ್, ಬ್ರೇಕ್, ವೇಗ ಎಲ್ಲವನ್ನೂ ಕಾರು ನೋಡಿಕೊಳ್ಳುತ್ತದೆ. ಆದರೆ ರಸ್ತೆಯ ಮೇಲೆ ಕಣ್ಣಿಡುವ ಹೊಣೆ ನಿಮ್ಮದೇ. ಟೆಸ್ಲಾದ ಆಟೋಪೈಲಟ್ ಈ ಹಂತದ್ದು. ಹಂತ 3ರಲ್ಲಿ ಕೆಲವು ಸಂದರ್ಭಗಳಲ್ಲಿ ನೀವು ಬೇರೆ ಕಡೆ ನೋಡಬಹುದು, ಕಾರು ಕರೆದಾಗ ಮಾತ್ರ ಕೈ ಕೊಡಬೇಕು. ಹಂತ 4ರಲ್ಲಿ ಗೊತ್ತುಪಡಿಸಿದ ಪ್ರದೇಶದೊಳಗೆ ಮನುಷ್ಯನೇ ಬೇಕಿಲ್ಲ. ಎಲ್ಲಿ ಬೇಕಾದರೂ, ಎಂಥ ಹವೆಯಲ್ಲಾದರೂ ಓಡುವ ಹಂತ 5 ಇನ್ನೂ ಎಲ್ಲೂ ಇಲ್ಲ.

ಇಷ್ಟೆಲ್ಲ ನೆನಪಿಟ್ಟುಕೊಳ್ಳುವುದು ಕಷ್ಟ ಅನಿಸಿದರೆ ಒಂದೇ ಪ್ರಶ್ನೆ ಕೇಳಿ ನೋಡಿ: ಹಿಂದಿನ ಸೀಟಿನಲ್ಲಿ ಮಲಗಿ ನಿದ್ದೆ ಮಾಡಬಹುದಾ? ಮಾಡುವ ಹಾಗಿಲ್ಲ ಅಂದರೆ ಡ್ರೈವರ್ ಇನ್ನೂ ನೀವೇ, ಮಾರುವವರು ಅದಕ್ಕೆ ಏನೇ ಹೆಸರಿಟ್ಟಿರಲಿ.

ಇದು ಇನ್ನೂ ಪ್ರಯೋಗದಲ್ಲೇ ಇದೆಯಾ, ಇಲ್ಲ ಜನ ನಿಜವಾಗಿ ಹತ್ತಿ ಓಡಾಡ್ತಿದ್ದಾರಾ?

ಓಡಾಡುತ್ತಿದ್ದಾರೆ. ಗೂಗಲ್ ಬಳಗದ ವೇಮೋ 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಫೀನಿಕ್ಸ್ ಸುತ್ತಮುತ್ತ ಡ್ರೈವರ್ ಇಲ್ಲದ ಟ್ಯಾಕ್ಸಿಯನ್ನು ಸಾರ್ವಜನಿಕರಿಗೆ ತೆರೆಯಿತು. 2024ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಯಾರು ಬೇಕಾದರೂ ಕರೆಸಿಕೊಳ್ಳುವಂತಾಯಿತು. ಚೀನಾದ ವುಹಾನ್‌ನಲ್ಲಿ ಬೈದು ಕಂಪನಿಯ ಟ್ಯಾಕ್ಸಿಗಳು ಓಡುತ್ತಿವೆ.

ಇಲ್ಲಿಗೆ ಬರುವ ದಾರಿ ಸಣ್ಣದಾಗಿರಲಿಲ್ಲ. 2004ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಮರುಭೂಮಿಯಲ್ಲಿ ಡ್ರೈವರ್ ಇಲ್ಲದ ವಾಹನಗಳ ಸ್ಪರ್ಧೆ ಇಟ್ಟಿತು. ಒಂದು ವಾಹನವೂ ಗುರಿ ಮುಟ್ಟಲಿಲ್ಲ. ಎಲ್ಲಕ್ಕಿಂತ ಮುಂದೆ ಹೋದದ್ದು ಸುಮಾರು 12 ಕಿ.ಮೀ.ಗೆ ಸಿಕ್ಕಿಬಿದ್ದಿತು. ಮರುವರ್ಷವೇ 5 ವಾಹನಗಳು 212 ಕಿ.ಮೀ. ದಾರಿಯನ್ನು ಪೂರ್ತಿ ಓಡಿದವು. ಆ ವೇಗ ನೋಡಿ ಹಲವರು 2020ರ ಹೊತ್ತಿಗೆ ಮನೆಮನೆಯಲ್ಲೂ ಇಂಥ ಕಾರು ಬರುತ್ತದೆ ಅಂದುಕೊಂಡರು. ಮರುಭೂಮಿಯಲ್ಲಿ ಮಕ್ಕಳು ಚೆಂಡಿನ ಹಿಂದೆ ಓಡಿ ಬರುವುದಿಲ್ಲ ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡವರು ಕಮ್ಮಿ.

ಕಾರಿಗೆ ರಸ್ತೆ ಕಾಣೋದು ಹೇಗೆ?

ಮೂರು ಬಗೆಯ ಕಣ್ಣುಗಳಿಂದ. ಕ್ಯಾಮೆರಾ ಬಣ್ಣ, ಸಿಗ್ನಲ್, ಬೋರ್ಡುಗಳನ್ನು ಓದುತ್ತದೆ. ರಾಡಾರ್ ರೇಡಿಯೋ ಅಲೆಗಳಿಂದ ದೂರ ಮತ್ತು ವೇಗವನ್ನು ಅಳೆಯುತ್ತದೆ, ಮಂಜಿದ್ದರೂ ಕೆಲಸ ಮಾಡುತ್ತದೆ. ಲೈಡಾರ್ ಲೇಸರ್ ಬೆಳಕನ್ನು ಚಿಮ್ಮಿಸಿ, ಅದು ತಿರುಗಿ ಬರಲು ಹಿಡಿದ ಸಮಯದಿಂದ ಸುತ್ತಲಿನ ಮೂರು ಆಯಾಮದ ಚಿತ್ರ ಕಟ್ಟುತ್ತದೆ. ಇವುಗಳ ಜೊತೆ ರಸ್ತೆಯ ಅಂಚನ್ನೂ ಗುರುತು ಹಾಕಿಟ್ಟ ಸೂಕ್ಷ್ಮ ನಕ್ಷೆ ಇರುತ್ತದೆ. ಟೆಸ್ಲಾ ಮಾತ್ರ ಕ್ಯಾಮೆರಾ ಸಾಕು ಅನ್ನುವ ಹಟ ಹಿಡಿದಿದೆ.

ಕಾಣುವುದು ಈಗ ದೊಡ್ಡ ಸಮಸ್ಯೆ ಅಲ್ಲ. ಕಂಡದ್ದು ಮುಂದೆ ಏನು ಮಾಡುತ್ತದೆ ಎಂದು ಊಹಿಸುವುದೇ ಕಷ್ಟ. ರಸ್ತೆಯಂಚಿನಲ್ಲಿ ನಿಂತವನು ದಾಟುತ್ತಾನೋ, ಫೋನ್ ನೋಡುತ್ತಾ ಸುಮ್ನೆ ನಿಂತಿದ್ದಾನೋ? ನಮಗೆ ಒಂದು ನೋಟದಲ್ಲಿ ತಿಳಿಯುವುದನ್ನು ಕಾರು ಲೆಕ್ಕ ಹಾಕಿ ಕಂಡುಕೊಳ್ಳಬೇಕು.

ಮಳೆ, ಹಿಮ, ಗೆರೆಯೇ ಇಲ್ಲದ ರಸ್ತೆ, ಇದೆಲ್ಲ ಅದಕ್ಕೆ ನಿಭಾಯಿಸೋಕೆ ಆಗುತ್ತಾ?

ಸಾಧಾರಣ ಮಳೆಯಲ್ಲಿ ಆಗುತ್ತದೆ. ಜೋರು ಮಳೆ, ಹಿಮದಲ್ಲಿ ಲೇಸರ್ ಬೆಳಕು ಚದುರುತ್ತದೆ, ಕ್ಯಾಮೆರಾ ಮಸುಕಾಗುತ್ತದೆ, ಹಿಮ ರಸ್ತೆಯ ಗೆರೆಯನ್ನೇ ಮುಚ್ಚುತ್ತದೆ. ಮೊದಲ ಟ್ಯಾಕ್ಸಿ ಸೇವೆ ಮಳೆ ಅಪರೂಪವಾದ ಅರಿಜೋನಾದಲ್ಲಿ ಶುರುವಾದದ್ದು ಆಕಸ್ಮಿಕವಲ್ಲ. ಗೆರೆ ಇಲ್ಲದ ಕಡೆ, ಎಲ್ಲರೂ ಕಣ್ಸನ್ನೆ ಕೈಸನ್ನೆಯಲ್ಲೇ ದಾರಿ ಬಿಟ್ಟುಕೊಡುವ ಕಡೆ ಇನ್ನೂ ಕಷ್ಟ. ಅಂಥಲ್ಲಿ ಈ ಕಾರುಗಳು ಅಪಘಾತ ಮಾಡುವುದಕ್ಕಿಂತ ಸುಮ್ಮನೆ ನಿಂತುಬಿಡುವುದೇ ಜಾಸ್ತಿ.

ನಂಗೆ ಡ್ರೈವಿಂಗ್ ಬರಲ್ಲ. ಲೈಸೆನ್ಸ್ ಇಲ್ಲದೆ ಕೂತ್ಕೋಬಹುದಾ?

ಹಂತ 4ರ ಟ್ಯಾಕ್ಸಿಯಲ್ಲಿ ಧಾರಾಳವಾಗಿ. ಅಲ್ಲಿ ನೀವು ಬರೀ ಪ್ರಯಾಣಿಕರು. ಹಂತ 2 ಮತ್ತು 3ರಲ್ಲಿ ಸ್ಟಿಯರಿಂಗ್ ಮುಂದೆ ಕೂರುವವರಿಗೆ ಲೈಸೆನ್ಸ್ ಬೇಕೇ ಬೇಕು.

## ಸುರಕ್ಷತೆ, ಹೊಣೆ

ಮನುಷ್ಯರಿಗಿಂತ ಸೇಫ್ ಅಂತಾರಲ್ಲ, ನಂಬಬಹುದಾ?

ಈವರೆಗಿನ ಲೆಕ್ಕ ಚೆನ್ನಾಗಿದೆ, ಆದರೆ ಪೂರ್ತಿಯಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆ. ಯಂತ್ರ ಕುಡಿಯುವುದಿಲ್ಲ, ತೂಕಡಿಸುವುದಿಲ್ಲ, ಮೆಸೇಜ್ ನೋಡುವುದಿಲ್ಲ. ವೇಮೋ ಸಂಶೋಧಕರು 2025ರಲ್ಲಿ 5.67 ಕೋಟಿ ಮೈಲಿ ಓಡಾಟದ ಲೆಕ್ಕವನ್ನು ಪ್ರಕಟಿಸಿದರು. ಅದೇ ಊರುಗಳ ಮನುಷ್ಯ ಡ್ರೈವರುಗಳಿಗೆ ಹೋಲಿಸಿದರೆ ಗಂಭೀರ ಗಾಯದ ಅಪಘಾತಗಳು 85% ಕಮ್ಮಿ ಇದ್ದವು.

ಎರಡು ಮಾತು ಜೊತೆಗಿರಲಿ. ಲೆಕ್ಕ ಕೊಟ್ಟದ್ದು ಕಂಪನಿಯವರೇ. ಮತ್ತೆ, ಅಪಘಾತದಲ್ಲಿ ಸಾವು ಅಪರೂಪದ ಘಟನೆ. ಅಮೆರಿಕದಲ್ಲಿ 10 ಕೋಟಿ ಮೈಲಿಗೆ ಒಂದರ ಆಸುಪಾಸು. ಹಾಗಾಗಿ ಸಾವಿನ ವಿಷಯದಲ್ಲಿ ಯಂತ್ರ ಮನುಷ್ಯನಷ್ಟಾದರೂ ಸುರಕ್ಷಿತ ಎಂದು ಅಂಕಿಅಂಶಗಳಿಂದ ತೋರಿಸಲು, ಒಂದು ಸಾವೂ ಆಗದೆ 27.5 ಕೋಟಿ ಮೈಲಿ ಓಡಬೇಕು ಎಂದು ಅಮೆರಿಕದ ಸಂಶೋಧನಾ ಬಳಗವಾದ ರ‍್ಯಾಂಡ್ ಸಂಸ್ಥೆ 2016ರಲ್ಲಿ ಲೆಕ್ಕ ಹಾಕಿತ್ತು. 100 ಕಾರುಗಳು ಹಗಲೂ ರಾತ್ರಿ ಓಡಿದರೂ 12 ವರ್ಷದ ಮೇಲೆ ಹಿಡಿಯುವ ಕೆಲಸ. ಪ್ರತಿ ಸಾಫ್ಟ್‌ವೇರ್ ಬದಲಾವಣೆಯ ನಂತರ ಹಳೆಯ ಲೆಕ್ಕ ಎಷ್ಟರಮಟ್ಟಿಗೆ ಉಳಿಯುತ್ತದೆ ಎಂಬ ತಕರಾರೂ ಇದೆ.

ಏನಾದ್ರೂ ಎಡವಟ್ಟಾದ್ರೆ ನಾನೇ ಸ್ಟಿಯರಿಂಗ್ ಹಿಡಿದ್ರೆ ಆಯ್ತಲ್ವಾ?

ಕೇಳಲು ಸರಳ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಅತ್ಯಂತ ಅಪಾಯದ ನಂಬಿಕೆ ಇದೇ. ಗಂಟೆಗಟ್ಟಲೆ ಏನೂ ಆಗದಿದ್ದರೆ ಮನುಷ್ಯನ ಗಮನ ಜಾರುತ್ತದೆ. ಇದು ಸೋಮಾರಿತನವಲ್ಲ, ಮೆದುಳಿನ ಗುಣ.

2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪೆಯಲ್ಲಿ ಉಬರ್‌ನ ಪರೀಕ್ಷಾ ಕಾರೊಂದು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿತು. ಅವರು ತೀರಿಕೊಂಡರು. ತನಿಖೆಯಲ್ಲಿ ಗೊತ್ತಾದದ್ದು ಇದು: ಗುದ್ದುವ 5.6 ಸೆಕೆಂಡು ಮೊದಲೇ ಕಾರಿಗೆ ಅವರು ಕಂಡಿದ್ದರು. ಆದರೆ ಅದು ಅವರನ್ನು ಒಮ್ಮೆ ವಾಹನ, ಒಮ್ಮೆ ಏನೋ ಒಂದು ವಸ್ತು, ಒಮ್ಮೆ ಸೈಕಲ್ ಎಂದು ಬದಲಾಯಿಸುತ್ತಲೇ ಹೋಯಿತು. ಪ್ರತಿ ಸಲವೂ ಅವರು ಎತ್ತ ಹೋಗುತ್ತಾರೆಂಬ ಊಹೆ ಮೊದಲಿನಿಂದ ಶುರುವಾಯಿತು. ಕಾರು ತಯಾರಕರೇ ಕೊಟ್ಟಿದ್ದ ತುರ್ತು ಬ್ರೇಕ್ ವ್ಯವಸ್ಥೆಯನ್ನು ಆಫ್ ಮಾಡಲಾಗಿತ್ತು. ಕೊನೆಗೆ ನಂಬಿಕೆ ಇಟ್ಟದ್ದು ಸೀಟಿನಲ್ಲಿದ್ದ ಮನುಷ್ಯರ ಮೇಲೆ. ಅವರು ಫೋನ್ ನೋಡುತ್ತಿದ್ದರು.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಕಾರು ಸುಮಾರು 17 ಮೀಟರ್ ಹೋಗುತ್ತದೆ. ತಲೆ ಎತ್ತಿ, ಏನಾಗುತ್ತಿದೆ ಎಂದು ಅರ್ಥ ಮಾಡಿಕೊಂಡು, ಕೈ ಹಾಕುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಅಪಘಾತ ಆದ್ರೆ ಕೇಸ್ ಯಾರ ಮೇಲೆ?

ಹಂತ 2ರಲ್ಲಿ ನಿಮ್ಮ ಮೇಲೆ. ಅದರಿಂದ ಮೇಲೆ ದೇಶಕ್ಕೊಂದು ಕಾನೂನು. ಜರ್ಮನಿ 2021ರಲ್ಲಿ ಹಂತ 4ಕ್ಕೂ ಕಾನೂನು ಮಾಡಿತು. ಬ್ರಿಟನ್‌ನ 2024ರ ಕಾಯ್ದೆ ಇನ್ನೂ ನೇರವಾಗಿದೆ: ಕಾರು ತಾನೇ ಓಡುತ್ತಿರುವಾಗ ಅದರ ಓಡಿಸುವ ರೀತಿಗೆ ಸೀಟಿನಲ್ಲಿರುವವರು ಹೊಣೆಯಲ್ಲ, ಅನುಮತಿ ಪಡೆದ ಕಂಪನಿಯೇ ಹೊಣೆ. ಕಂಪನಿಯೊಂದು ತನ್ನ ಕಾರಿನ ಬಗ್ಗೆ ಏನೇ ಹೊಗಳಿಕೊಳ್ಳಲಿ, ಅಪಘಾತದ ಹೊಣೆಯನ್ನು ಬರವಣಿಗೆಯಲ್ಲಿ ಹೊತ್ತುಕೊಳ್ಳುತ್ತದಾ ಅಂತ ಮೊದಲು ನೋಡಿ.

ಹೊಣೆ ಅಂದರೆ ಬರೀ ಪರಿಹಾರದ ಹಣ ಅಲ್ಲ, ನಿಜ ಹೇಳುವುದೂ ಸೇರಿದೆ. 2023ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇರೊಂದು ಕಾರು ಗುದ್ದಿದ ಮಹಿಳೆ ಕ್ರೂಸ್ ಕಂಪನಿಯ ಡ್ರೈವರ್ ಇಲ್ಲದ ಕಾರಿನ ಮುಂದೆ ಬಿದ್ದರು. ಕಾರು ಅವರಿಗೆ ಗುದ್ದಿ ನಿಂತಿತು. ಆಮೇಲೆ ಬದಿಗೆ ಸರಿಯಲು ಹೋಗಿ ಅಡಿಯಲ್ಲಿದ್ದ ಅವರನ್ನು ಸುಮಾರು 6 ಮೀಟರ್ ಎಳೆದುಕೊಂಡು ಹೋಯಿತು. ಈ ಎಳೆದಾಟದ ಭಾಗವನ್ನು ಕಂಪನಿ ಸರಿಯಾಗಿ ತಿಳಿಸಲಿಲ್ಲ ಎಂದು ಕ್ಯಾಲಿಫೋರ್ನಿಯಾದ ವಾಹನ ಇಲಾಖೆ ಪರವಾನಗಿ ಅಮಾನತು ಮಾಡಿತು. 2024ರ ಡಿಸೆಂಬರ್‌ನಲ್ಲಿ ಮಾಲೀಕ ಕಂಪನಿ ಜನರಲ್ ಮೋಟರ್ಸ್ ಈ ಟ್ಯಾಕ್ಸಿ ಯೋಜನೆಗೆ ಹಣ ಹಾಕುವುದನ್ನೇ ನಿಲ್ಲಿಸಿತು.

ಮಗುವನ್ನು ಉಳಿಸಬೇಕೋ, ಅಜ್ಜಿಯನ್ನೋ ಅಂತ ಕಾರು ಹೇಗೆ ತೀರ್ಮಾನ ಮಾಡುತ್ತೆ?

ಮಾಡುವುದಿಲ್ಲ, ಮಾಡಬಾರದು. ಜರ್ಮನಿಯ ನೀತಿ ಆಯೋಗ 2017ರಲ್ಲೇ ವಯಸ್ಸು, ಲಿಂಗದಂಥ ಗುಣ ನೋಡಿ ಜೀವಗಳಲ್ಲಿ ಭೇದ ಮಾಡುವ ಹಾಗಿಲ್ಲ ಎಂದಿತು. ಚರ್ಚೆಗೆ ಈ ಪ್ರಶ್ನೆ ಚೆಂದ. ರಸ್ತೆಯಲ್ಲಿ ನಿಜವಾಗಿ ಬರುವ ನೈತಿಕ ಪ್ರಶ್ನೆ ಬೇರೆ: ಶಾಲೆಯ ಮುಂದೆ ಎಷ್ಟು ನಿಧಾನ ಹೋಗಬೇಕು, ಸೈಕಲ್‌ನಿಂದ ಎಷ್ಟು ದೂರ ಇರಬೇಕು? ಅದನ್ನು ತೀರ್ಮಾನಿಸುವವರು ಆಫೀಸಿನಲ್ಲಿ ಕೂತವರು, ಅದೂ ಎಷ್ಟೋ ತಿಂಗಳು ಮೊದಲೇ.

ಯಾರಾದ್ರೂ ಹ್ಯಾಕ್ ಮಾಡಿದ್ರೆ?

ಭಯ ಸುಳ್ಳಲ್ಲ. 2015ರಲ್ಲಿ ಇಬ್ಬರು ಸಂಶೋಧಕರು ದೂರದಲ್ಲಿ ಕೂತೇ ಹೆದ್ದಾರಿಯಲ್ಲಿದ್ದ ಜೀಪೊಂದನ್ನು ಹಿಡಿತಕ್ಕೆ ತೆಗೆದುಕೊಂಡು ತೋರಿಸಿದರು. ಕಂಪನಿ 14 ಲಕ್ಷ ವಾಹನಗಳನ್ನು ಸರಿಪಡಿಸಲು ವಾಪಸ್ ಕರೆಯಬೇಕಾಯಿತು. ಅದು ಸೆಲ್ಫ್ ಡ್ರೈವಿಂಗ್ ಕಾರೇ ಅಲ್ಲ, ಇಂಟರ್‌ನೆಟ್ ಇದ್ದ ಮಾಮೂಲಿ ವಾಹನ. ಇನ್ನು ಕಂಪ್ಯೂಟರ್ ಗೊತ್ತಿಲ್ಲದವರೂ ಈ ಕಾರನ್ನು ನಿಲ್ಲಿಸಬಹುದು. 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪ್ರತಿಭಟನಾಕಾರರು ಬಾನೆಟ್ ಮೇಲೆ ಒಂದು ಟ್ರಾಫಿಕ್ ಕೋನ್ ಇಟ್ಟರೆ ಸಾಕು, ಕೋಟಿಗಟ್ಟಲೆ ಖರ್ಚಿನ ತಂತ್ರಜ್ಞಾನ ಅಲ್ಲೇ ನಿಲ್ಲುತ್ತದೆ ಎಂದು ತೋರಿಸಿಕೊಟ್ಟರು.

## ದಿನದ ಬದುಕು

ಟ್ರಾಫಿಕ್ ಜಾಮ್ ಅಂತೂ ಕಮ್ಮಿ ಆಗುತ್ತಲ್ವಾ?

ತಾನಾಗಿ ಕಮ್ಮಿ ಆಗುವುದಿಲ್ಲ. ಜಾಸ್ತಿ ಆಗುವ ಸಾಧ್ಯತೆಯೇ ಹೆಚ್ಚು ಅನ್ನುವುದು ನನ್ನ ಅಭಿಪ್ರಾಯ. ಕಾರುಗಳು ಒಂದಕ್ಕೊಂದು ಹತ್ತಿರ, ಒಂದೇ ವೇಗದಲ್ಲಿ ಓಡಿದರೆ ರಸ್ತೆ ಹೆಚ್ಚು ವಾಹನ ಹಿಡಿಸುತ್ತದೆ ಅನ್ನುವುದು ನಿಜ. ಆದರೆ ಜಾಮ್‌ನ ಲೆಕ್ಕದಲ್ಲಿ ಇನ್ನೊಂದು ಕಡೆಯೂ ಇದೆ.

ಇವತ್ತು ನಾವು ಕೆಲವು ಪ್ರಯಾಣಗಳನ್ನು ಬಿಟ್ಟುಬಿಡುವುದು ಯಾಕೆ? ಪೆಟ್ರೋಲ್ ಖರ್ಚಿಗಿಂತ ಓಡಿಸುವ ಬೇಸರಕ್ಕೆ. ಆ ಬೇಸರ ಇಲ್ಲದಿದ್ದರೆ ಏನಾಗುತ್ತದೆ ಎಂದು ಕ್ಯಾಲಿಫೋರ್ನಿಯಾದ ಸಂಶೋಧಕರು ಜಾಣತನದಿಂದ ಪರೀಕ್ಷಿಸಿದರು. ಸೆಲ್ಫ್ ಡ್ರೈವಿಂಗ್ ಕಾರು ಕೊಡಲಾಗದು, ಸರಿ, 13 ಜನರಿಗೆ ಒಂದು ವಾರ ಪುಕ್ಕಟೆ ಡ್ರೈವರ್ ಕೊಟ್ಟರು. ಎಲ್ಲಿಗೆ ಬೇಕಾದರೂ ಕಳಿಸಬಹುದು, ಮಾಲೀಕರು ಒಳಗಿರಲೇಬೇಕೆಂದಿಲ್ಲ. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅವರ ಕಾರುಗಳು ಓಡಿದ ದೂರ 83% ಏರಿತ್ತು! ಸಂಜೆಯ ತಿರುಗಾಟ, ದೂರದ ಪ್ರಯಾಣ ಹೆಚ್ಚಿದವು. ಒಂದಷ್ಟು ಓಡಾಟ ಮಾಲೀಕರಿಲ್ಲದೆಯೇ ನಡೆಯಿತು. ಗುಂಪು ಸಣ್ಣದು, ಅವಧಿ ಒಂದೇ ವಾರ. ಅಂಕಿಯನ್ನು ಹಾಗೇ ನುಂಗಬೇಕಿಲ್ಲ. ಆದರೆ ದಿಕ್ಕು ಸ್ಪಷ್ಟವಾಗಿದೆ.

ಮುಂದಿನ ಹೆಜ್ಜೆ ಯೋಚಿಸಿ. ಕಾರಿನಲ್ಲೇ ಕೆಲಸ ಮಾಡಬಹುದು, ಮಲಗಬಹುದು ಅಂದರೆ ಆಫೀಸಿನಿಂದ ಎರಡು ಗಂಟೆ ದೂರದಲ್ಲಿ ಮನೆ ಮಾಡಲು ಜನ ಹಿಂಜರಿಯುವುದಿಲ್ಲ. ಊರುಗಳು ಹೊರಕ್ಕೆ ಹರಡುತ್ತವೆ. ಹರಡಿದ ಊರಿನಲ್ಲಿ ಕಾರಿಲ್ಲದವರ ಬದುಕು ಈಗಿನದಕ್ಕಿಂತ ಕಷ್ಟವಾಗುತ್ತದೆ. ಕಾರು ತಾನೇ ಓಡುವುದಕ್ಕಿಂತ, ಪ್ರಯಾಣದ ಬೇಸರ ಇಳಿಯುವುದೇ ದೊಡ್ಡ ಬದಲಾವಣೆ ಅಂತ ನಾನು ಹೇಳುವುದು ಇದಕ್ಕೇ.

ಪಾರ್ಕಿಂಗ್ ಜಾಗಾನೆಲ್ಲ ಉದ್ಯಾನ ಮಾಡಬಹುದು ಅಂತಾರೆ. ನಿಜಾನಾ?

ಖಾಸಗಿ ಕಾರು ದಿನದ 95% ಹೊತ್ತು ನಿಂತೇ ಇರುತ್ತದೆ ಅನ್ನುವುದು ಸಾಮಾನ್ಯವಾಗಿ ಹೇಳುವ ಅಂದಾಜು. ಜನರನ್ನು ಇಳಿಸಿ ನಿಲ್ಲದೆ ಬೇರೆ ಕಡೆ ಹೋಗುವ ಕಾರುಗಳಿಂದ ಅಷ್ಟು ಜಾಗ ಬಿಡುಗಡೆಯಾದರೆ ಮರ, ಫುಟ್‌ಪಾತ್, ಮನೆ ಎಲ್ಲಕ್ಕೂ ಅವಕಾಶ. ಆದರೆ ಕಾರಿಗೆ ಪಾರ್ಕಿಂಗ್ ಶುಲ್ಕ ಕಟ್ಟುವುದಕ್ಕಿಂತ ಖಾಲಿ ಸುತ್ತುವುದು ಅಗ್ಗವಾದರೆ? 2019ರ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಯನವೊಂದು ಇದನ್ನೇ ಲೆಕ್ಕ ಹಾಕಿತು. ನಿಧಾನ ಹೋದಷ್ಟೂ ಖರ್ಚು ಕಮ್ಮಿ, ಹಾಗಾಗಿ ಖಾಲಿ ಕಾರುಗಳಿಗೆ ಜಾಮ್ ಆದಷ್ಟೂ ಲಾಭ. ಸ್ಯಾನ್ ಫ್ರಾನ್ಸಿಸ್ಕೋದ ನಡುಭಾಗದಲ್ಲಿ ಇಂಥ 2,000 ಕಾರುಗಳಿದ್ದರೆ ಸಾಕು, ಸಂಚಾರ ಗಂಟೆಗೆ ಸುಮಾರು 3 ಕಿ.ಮೀ.ಗೆ ಇಳಿಯುತ್ತದೆ. ನಡೆದುಕೊಂಡು ಹೋದವರೇ ಮುಂದೆ ಹೋಗುತ್ತಾರೆ.

ಹಾಗಿದ್ರೆ ಯಾರೂ ಸ್ವಂತ ಕಾರು ಇಟ್ಕೊಳ್ಳಲ್ವಾ?

ಊರಿನ ನಡುವೆ ಇರುವವರಲ್ಲಿ ಎಷ್ಟೋ ಜನ ಎರಡನೇ ಕಾರು ಬಿಡಬಹುದು. ಟ್ಯಾಕ್ಸಿಯ ಖರ್ಚಿನಲ್ಲಿ ಡ್ರೈವರ್ ಸಂಬಳದ್ದೇ ದೊಡ್ಡ ಪಾಲು, ಅದು ಇಲ್ಲದಿದ್ದರೆ ಬಾಡಿಗೆ ಇಳಿಯಬೇಕು. ಇಳಿಯಬೇಕು ಅಂದೆ, ಇಳಿದೇ ಇಳಿಯುತ್ತದೆ ಅನ್ನಲಿಲ್ಲ. ಸೆನ್ಸರ್, ಕಂಪ್ಯೂಟರ್, ತೊಳೆಯುವುದು, ಚಾರ್ಜ್ ಮಾಡುವುದು, ದೂರದಿಂದ ನೆರವು ಕೊಡುವ ಸಿಬ್ಬಂದಿ, ಇದಕ್ಕೆಲ್ಲ ಹಣ ಬೇಕು. ಅಲ್ಲದೆ ಬೆಳಿಗ್ಗೆ ಎಲ್ಲರಿಗೂ ಒಂದೇ ಹೊತ್ತಿಗೆ ಕಾರು ಬೇಕು. ಆ ಒಂದು ಗಂಟೆಗೆ ಸಾಲುವಷ್ಟು ಕಾರು ಇಟ್ಟರೆ ಉಳಿದ ಹೊತ್ತು ಅವೂ ನಿಂತೇ ಇರುತ್ತವೆ. ಮಗುವಿನ ಸೀಟು, ಡಿಕ್ಕಿಯಲ್ಲಿ ಬಿಟ್ಟ ಸಾಮಾನು, ನನ್ನದು ಅನ್ನುವ ಭಾವ, ಇವೂ ಸಣ್ಣ ಕಾರಣಗಳಲ್ಲ.

ಬಸ್ಸು, ರೈಲು ಮುಚ್ಚಿಹೋಗುತ್ತಾ?

ಮುಚ್ಚಿದರೆ ದೊಡ್ಡ ಊರು ನಿಂತುಹೋಗುತ್ತದೆ. ಇದು ಜಾಗದ ಲೆಕ್ಕ. ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಸಂಘ ನ್ಯಾಕ್ಟೊ ಅಂದಾಜಿನಂತೆ ಕಾರುಗಳು ಓಡುವ ಒಂದು ಲೇನ್‌ನಲ್ಲಿ ಗಂಟೆಗೆ 600ರಿಂದ 1,600 ಜನ ಸಾಗುತ್ತಾರೆ. ಬಸ್ಸಿಗೇ ಮೀಸಲಿಟ್ಟ ಲೇನ್‌ನಲ್ಲಿ 4,000ದಿಂದ 8,000. ಓಡಿಸುವವರು ಯಾರು ಅನ್ನುವುದರಿಂದ ಕಾರು ರಸ್ತೆಯಲ್ಲಿ ಹಿಡಿಯುವ ಜಾಗ ಕುಗ್ಗುವುದಿಲ್ಲ. ತಡರಾತ್ರಿ, ಜನ ವಿರಳವಾದ ಬಡಾವಣೆ, ನಿಲ್ದಾಣದಿಂದ ಮನೆ, ಇಂಥ ಕಡೆ ಸಣ್ಣ ಡ್ರೈವರ್‌ರಹಿತ ವಾಹನಗಳು ಬಸ್ಸಿಗೆ ಜೊತೆಗಾರನಾಗಬಲ್ಲವು.

ನಮ್ಮ ತಾಯಿಗೆ ವಯಸ್ಸಾಗಿದೆ, ಕಣ್ಣು ಮಂದ. ಅವರಿಗೆ ಇದು ಉಪಯೋಗ ಆಗುತ್ತಾ?

ಈ ತಂತ್ರಜ್ಞಾನದ ಪರವಾಗಿ ಇರುವ ಅತ್ಯಂತ ಗಟ್ಟಿ ಕಾರಣ ಇದೇ. 2015ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಕಣ್ಣು ಕಾಣದ ವ್ಯಕ್ತಿಯೊಬ್ಬರು ಸ್ಟಿಯರಿಂಗೂ ಪೆಡಲೂ ಇಲ್ಲದ ಗೂಗಲ್ ಕಾರಿನಲ್ಲಿ ಒಬ್ಬರೇ ಕೂತು ಸಾರ್ವಜನಿಕ ರಸ್ತೆಯಲ್ಲಿ ಹೋದರು. ಯಾರನ್ನೂ ಕೇಳದೆ ಹೊರಗೆ ಹೋಗುವುದು ಅವರಂಥವರಿಗೆ ಎಷ್ಟು ದೊಡ್ಡದು ಅಂತ ಓಡಿಸಬಲ್ಲವರಿಗೆ ಸುಲಭವಾಗಿ ಹೊಳೆಯುವುದಿಲ್ಲ. ಆದರೆ ಒಳ್ಳೆಯ ಡ್ರೈವರ್ ಓಡಿಸುವುದಷ್ಟೇ ಮಾಡುವುದಿಲ್ಲ. ಬಾಗಿಲು ತೆಗೆಯುತ್ತಾನೆ, ಕೈ ಹಿಡಿಯುತ್ತಾನೆ, ಚೀಲ ಇಳಿಸುತ್ತಾನೆ. ಮನೆ ಬಾಗಿಲಿನಿಂದ ಕಾರಿನವರೆಗಿನ ಹತ್ತು ಹೆಜ್ಜೆಗೆ ಇನ್ನೂ ಒಬ್ಬರು ಬೇಕು. ಗಾಲಿಕುರ್ಚಿ ಹತ್ತಿಸುವ ಸೌಕರ್ಯವೂ ತಾನಾಗಿ ಬರುವುದಿಲ್ಲ, ನಿಯಮ ಮಾಡಿ ತರಬೇಕು.

ನಾನು ಡ್ರೈವರ್. ನನ್ನ ಕೆಲಸ ಎಷ್ಟು ದಿನ?

ನಾಳೆಯೇ ಹೋಗುವುದಿಲ್ಲ, ಆದರೆ ಎಲ್ಲ ಡ್ರೈವಿಂಗ್ ಕೆಲಸಕ್ಕೂ ಒಂದೇ ಉತ್ತರ ಇಲ್ಲ. ಮೊದಲು ಬದಲಾದದ್ದು ಗಣಿ. ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ರಿಯೋ ಟಿಂಟೋ ಕಂಪನಿ 2008ರಲ್ಲೇ ಡ್ರೈವರ್ ಇಲ್ಲದ ದೈತ್ಯ ಲಾರಿಗಳನ್ನು ಓಡಿಸಿ ನೋಡಲು ಶುರುಮಾಡಿತು. ಮುಂದಿನ ಸರದಿ ಹೆದ್ದಾರಿಯ ದೂರದ ಸರಕು. 2025ರಲ್ಲಿ ಅರೋರಾ ಕಂಪನಿ ಡಲ್ಲಾಸ್ ಮತ್ತು ಹ್ಯೂಸ್ಟನ್ ನಡುವೆ ಡ್ರೈವರ್ ಇಲ್ಲದ ಲಾರಿ ಸೇವೆ ಆರಂಭಿಸಿತು. ಕೆಲವೇ ವಾರಗಳಲ್ಲಿ ಲಾರಿ ತಯಾರಕರ ಕೋರಿಕೆಯಂತೆ ಮುಂದಿನ ಸೀಟಿಗೆ ಮತ್ತೆ ಒಬ್ಬರನ್ನು ಕೂರಿಸಿತು. ಇಕ್ಕಟ್ಟಿನ ಬೀದಿಯ ಡೆಲಿವರಿ, ಶಾಲಾ ವಾಹನ, ಆಂಬುಲೆನ್ಸ್ ಕೊನೆಗೆ ಉಳಿಯುವ ಕೆಲಸಗಳು. ಹೊಸ ಕೆಲಸ ಹುಟ್ಟುತ್ತದೆ ಎಂದು ಸಮಾಧಾನ ಹೇಳುವವರು ಜಾಸ್ತಿ. ಆ ಕೆಲಸ ಅದೇ ಊರಿನಲ್ಲಿ, ಅದೇ ಸಂಬಳಕ್ಕೆ, ಐವತ್ತು ವರ್ಷದ ಡ್ರೈವರ್‌ಗೆ ಸಿಗುತ್ತದಾ ಅಂತ ಅವರನ್ನು ಕೇಳಿ.

ಕಾರಲ್ಲಿ ಕೂತು ಓದ್ಕೊಂಡು ಹೋಗಬಹುದಲ್ಲ!

ನಿಮಗೆ ವಾಕರಿಕೆ ಬರದಿದ್ದರೆ. ಕಣ್ಣು ಪುಸ್ತಕದಲ್ಲಿದ್ದು ದೇಹ ತಿರುವಿನಲ್ಲಿ ವಾಲಿದಾಗ ಹೊಟ್ಟೆ ತೊಳಸುತ್ತದೆ. ಓಡಿಸುವವರಿಗೆ ಹೀಗಾಗುವುದು ಅಪರೂಪ, ಯಾಕೆಂದರೆ ತಿರುವು ಬರುವುದು ಅವರಿಗೆ ಮೊದಲೇ ಗೊತ್ತು.

## ಇನ್ನಷ್ಟು ಆಳಕ್ಕೆ

ನಡೆದು ಹೋಗೋರ ಗತಿ ಏನು?

ಇದು ಎರಡೂ ಕಡೆ ವಾಲಬಹುದು. ಕಾರು ತಪ್ಪದೆ ನಿಲ್ಲುತ್ತದೆ ಅಂತ ಗೊತ್ತಾದರೆ ಜನ ಧೈರ್ಯವಾಗಿ ರಸ್ತೆಗೆ ಇಳಿಯುತ್ತಾರೆ, ಮಕ್ಕಳು ಬೀದಿಯಲ್ಲಿ ಆಡುತ್ತಾರೆ. ಒಳ್ಳೆಯದೇ. ಆಗ ಕಾರಿನಲ್ಲಿರುವವರು ಗೊಣಗುತ್ತಾರೆ, ರಸ್ತೆಗೆ ಬೇಲಿ ಹಾಕಿ, ಎಲ್ಲೆಂದರಲ್ಲಿ ದಾಟಿದವರಿಗೆ ದಂಡ ಹಾಕಿ ಎಂಬ ಒತ್ತಾಯ ಬರುತ್ತದೆ. ಕಾರು ಮೊದಲು ಬಂದ ಕಾಲದಲ್ಲಿ ಅಮೆರಿಕದ ಊರುಗಳಲ್ಲಿ ಹೀಗೇ ಆಗಿತ್ತು. 1920ರ ದಶಕದಲ್ಲಿ ವಾಹನ ಉದ್ಯಮದವರು ಒತ್ತಡ ತಂದು ಬೀದಿ ಕಾರಿನದು, ದಾಟುವವರದೇ ತಪ್ಪು ಎಂಬ ನಿಯಮಗಳನ್ನು ಜಾರಿ ಮಾಡಿಸಿದರು. ಆ ಜಗಳ ಮತ್ತೆ ಬರುತ್ತದೆ, ಈ ಸಲ ನಡೆಯುವವರ ಪರವಾಗಿ ಮೊದಲೇ ಯಾರಾದರೂ ಮಾತಾಡಬೇಕು.

ಪರಿಸರಕ್ಕೆ ಒಳ್ಳೇದಾ?

ವಿದ್ಯುತ್ ಕಾರು, ಹಲವರು ಹಂಚಿಕೊಂಡು ಹೋಗುವುದು, ಇವೆರಡೂ ಸೇರಿದರೆ ಹೌದು. ಆದರೆ ಯೋಚಿಸುವ ಕಂಪ್ಯೂಟರಿಗೂ ವಿದ್ಯುತ್ ಬೇಕು. 840 ವ್ಯಾಟ್ ಕಂಪ್ಯೂಟರ್ ಇರುವ 100 ಕೋಟಿ ಕಾರುಗಳು ದಿನಕ್ಕೆ ಒಂದು ಗಂಟೆ ಓಡಿದರೆ, ಇಡೀ ಜಗತ್ತಿನ ಡೇಟಾ ಸೆಂಟರುಗಳು ಆಗ ಉಗುಳುತ್ತಿದ್ದಷ್ಟೇ ಇಂಗಾಲ ಬರುತ್ತದೆ ಎಂದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಲೆಕ್ಕ ಕೊಟ್ಟರು.

ಅಷ್ಟೊಂದು ಕ್ಯಾಮೆರಾ ಇಟ್ಕೊಂಡು ಓಡಾಡುತ್ತಲ್ಲ, ಆ ವಿಡಿಯೋ ಯಾರ ಕೈಗೆ ಹೋಗುತ್ತೆ?

ಕಂಪನಿಯ ಕೈಗೆ. ಕಾನೂನಿನ ಪ್ರಕಾರ ಕೇಳಿದರೆ ಪೊಲೀಸರ ಕೈಗೂ. ಅಮೆರಿಕದಲ್ಲಿ ಅಪರಾಧ ತನಿಖೆಗಾಗಿ ಪೊಲೀಸರು ಇಂಥ ವಿಡಿಯೋಗಳನ್ನು ಈಗಾಗಲೇ ತರಿಸಿಕೊಂಡಿದ್ದಾರೆ. ಕಾರಿನಲ್ಲಿ ಕೂತವರು ಷರತ್ತುಗಳಿಗೆ ಒಪ್ಪಿ ಬಟನ್ ಒತ್ತಿರುತ್ತಾರೆ. ಫುಟ್‌ಪಾತ್ ಮೇಲೆ ನಡೆಯುವವರನ್ನು ಯಾರೂ ಕೇಳಿರುವುದಿಲ್ಲ.

ಸರ್ಕಾರಗಳು ಈಗಲೇ ಏನು ಮಾಡಬೇಕು?

ನನ್ನನ್ನು ಕೇಳಿದರೆ ಮೊದಲ ಕೆಲಸ, ಖಾಲಿ ಓಡುವ ಪ್ರತಿ ಕಿ.ಮೀ.ಗೆ ಶುಲ್ಕ. ಒಬ್ಬರೇ ಹೋದರೆ ಅದಕ್ಕಿಂತ ಕಮ್ಮಿ, ನಾಲ್ವರು ಹೋದರೆ ಇನ್ನೂ ಕಮ್ಮಿ. ಇಂಥ ಕಾರು ರಸ್ತೆ ತುಂಬಿದ ಮೇಲೆ ಈ ನಿಯಮ ತರಲು ಯಾವ ರಾಜಕಾರಣಿಗೂ ಧೈರ್ಯ ಬರುವುದಿಲ್ಲ. ಕಾರುಗಳು ಬೆರಳೆಣಿಕೆಯಷ್ಟಿರುವಾಗಲೇ ತರಬೇಕು. ಆಮೇಲೆ, ಅಪಘಾತದ ದತ್ತಾಂಶವನ್ನು ಸ್ವತಂತ್ರ ಸಂಸ್ಥೆಗೆ ಕೊಡುವುದು ಕಡ್ಡಾಯವಾಗಬೇಕು. ಅಗ್ನಿಶಾಮಕ ದಳದವರಿಗೆ ದಾರಿಗೆ ಅಡ್ಡ ನಿಂತ ಕಾರನ್ನು ತಕ್ಷಣ ಸರಿಸುವ ವ್ಯವಸ್ಥೆ ಬೇಕು. ಬಸ್ ಲೇನ್‌ಗಳನ್ನು ಈಗಲೇ ಗುರುತಿಸಿಬಿಡಬೇಕು.

ಎಲ್ಲ ಕಾರೂ ಹೀಗಾಗೋಕೆ ಎಷ್ಟು ವರ್ಷ? ಈಗ ಕಾರು ತಗೊಳ್ಳೋದನ್ನ ಮುಂದೆ ಹಾಕ್ಲಾ?

ಹಾಕಬೇಡಿ. ಅಮೆರಿಕದ ರಸ್ತೆಯಲ್ಲಿರುವ ಕಾರುಗಳ ಸರಾಸರಿ ವಯಸ್ಸೇ 12 ವರ್ಷಕ್ಕಿಂತ ಜಾಸ್ತಿ. ನಾಳೆಯಿಂದ ಮಾರುವ ಪ್ರತಿ ಕಾರೂ ತಾನೇ ಓಡುವಂಥದ್ದಾದರೂ ಹಳೆಯವು ಕರಗಲು ಎರಡು ದಶಕ ಬೇಕು. ಮಾರಾಟಕ್ಕಿರುವ ಕಾರುಗಳಲ್ಲಿ ಹಂತ 3 ಸಿಗುವುದೇ ಅಪರೂಪ. ಮರ್ಸಿಡಿಸ್‌ಗೆ 2021ರಲ್ಲಿ ಜರ್ಮನಿಯಲ್ಲಿ ಸಿಕ್ಕ ಮೊದಲ ಅನುಮತಿ ಕೂಡ ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ಒಳಗಿನ ವೇಗಕ್ಕೆ ಮಾತ್ರ. ಕಾರು ಬೇಕಿದ್ದರೆ ಕೊಳ್ಳಿ. ಕೊಳ್ಳುವಾಗ ತಾನೇ ಬ್ರೇಕ್ ಹಾಕುವ ತುರ್ತು ವ್ಯವಸ್ಥೆ ಇದೆಯಾ ನೋಡಿ. ಯುರೋಪಿನ ಒಕ್ಕೂಟ 2024ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೂ ಅದನ್ನು ಕಡ್ಡಾಯ ಮಾಡಿದೆ. ಸೆಲ್ಫ್ ಡ್ರೈವಿಂಗ್ ಆಮೇಲೆ ಸಾಫ್ಟ್‌ವೇರ್‌ನಲ್ಲಿ ಬರುತ್ತದೆ ಅಂತ ಯಾರಾದರೂ ಈಗಲೇ ಹಣ ಕೇಳಿದರೆ, ಬಂದ ಮೇಲೆ ಕೊಡುತ್ತೇನೆ ಅನ್ನಿ.